ದೇವರ ಗೂಡಿನ ಪಕ್ಕದ ಬಿಳಿ ಮಚ್ಚೆ

ಡೊಂಬಿವಲಿಯ ಓದುಗರೊಬ್ಬರ ಪತ್ರ: “ಮೊಮ್ಮಗ ಪ್ಲೇ-ಡೋ ಹಿಟ್ಟನ್ನು ದೇವರ ಗೂಡಿನ ಪಕ್ಕದ ಗೋಡೆಗೆ ಒತ್ತಿಬಿಟ್ಟ. ಬೈದು ಕಿತ್ತರೆ, ಊದುಬತ್ತಿ ಹೊಗೆಗೆ ಕಪ್ಪಾದ ಗೋಡೆ ಅಲ್ಲಿ ಮಾತ್ರ ಬೆಳ್ಳಗೆ! ಇದೇನು ಆಟದ ಸಾಮಾನೋ, ಸೋಪೋ? ಇನ್ನೊಂದು: ಹಾವು-ಏಣಿ ಬ್ರಿಟಿಷರ ಆಟ ಅಂತಾನೆ ಮಗ. ಹೌದಾ?”

ಅಮ್ಮಾ, ಮೊಮ್ಮಗನನ್ನು ಸುಮ್ನೆ ಬೈದಿರಿ. ಆ ಹಿಟ್ಟು ಹುಟ್ಟಿದ್ದೇ ಗೋಡೆ ಒರೆಸೋಕೆ.

ಅಮೆರಿಕದ ಮನೆಗಳಲ್ಲಿ ಆಗ ಚಳಿಗೆ ಕಲ್ಲಿದ್ದಲು ಉರಿಸುತ್ತಿದ್ದರು. ಗೋಡೆಗೆ ಅಂಟಿಸಿದ ಬಣ್ಣದ ಕಾಗದದ ಮೇಲೆಲ್ಲ ಮಸಿ. ಒದ್ದೆ ಬಟ್ಟೆ ಮುಟ್ಟಿಸಿದರೆ ಕಾಗದ ಹಾಳು. ಅದಕ್ಕೆ ಸಿನ್ಸಿನಾಟಿಯ ಕುಟಾಲ್ ಕಂಪನಿ 1930ರ ದಶಕದಲ್ಲಿ ಒಂದು ಮೆತ್ತನೆ ಹಿಟ್ಟು ಮಾಡಿ ಮಾರಿತು. ಗೋಡೆಗೆ ಒತ್ತಿ ಉರುಳಿಸಿದರೆ ಮಸಿ ಹಿಟ್ಟಿಗೆ ಹತ್ತುತ್ತಿತ್ತು. ನಿಮ್ಮ ಮನೆಯಲ್ಲಿ ಆಗಿದ್ದೂ ಅದೇ ಅಲ್ವಾ?

ಯುದ್ಧ ಮುಗಿದ ಮೇಲೆ ಮನೆಮನೆಗೆ ಗ್ಯಾಸ್ ಬಂತು, ಮಸಿ ಹೋಯಿತು. ನೀರಲ್ಲಿ ಒರೆಸಬಹುದಾದ ವಿನೈಲ್ ಹಾಳೆಯೂ ಬಂತು. ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ ಕಾಪಾಡಿದ್ದು ಮಾಲೀಕರ ಸಂಬಂಧಿ ಕೇ ಜೂಫಾಲ್ ಎಂಬ ಶಿಶುವಿಹಾರದ ಟೀಚರ್. ಅವರು ಆ ಹಿಟ್ಟನ್ನು ಮಕ್ಕಳ ಕೈಗೆ ಕೊಟ್ಟು ಕ್ರಿಸ್‌ಮಸ್ ಅಲಂಕಾರ ಮಾಡಿಸಿದರು. 1956ರಲ್ಲಿ ಅದೇ ಹಿಟ್ಟು ಆಟಿಕೆಯಾಗಿ ಅಂಗಡಿಗೆ ಬಂತು. ಮೊದಲು ಮಾಸಲು ಬಿಳಿ ಮಾತ್ರ. ಕೆಂಪು, ಹಳದಿ, ನೀಲಿ ಮರುವರ್ಷ.

ಒಳಗಿರುವುದು ಮುಖ್ಯವಾಗಿ ಗೋಧಿಹಿಟ್ಟು, ನೀರು, ಉಪ್ಪು. ಉಪ್ಪು ಜಾಸ್ತಿ, ಮಗು ತಿನ್ನದಂತೆ ನೋಡಿಕೊಳ್ಳಿ. ಹಾಗೆ ನೋಡಿದರೆ ಈ ಉಪಾಯ ನಮ್ಮ ಅಡುಗೆಮನೆಗಳಿಗೆ ಹೊಸದೇನಲ್ಲ. ಚಪಾತಿ ಲಟ್ಟಿಸುವಾಗ ಅಮ್ಮ ನನಗೂ ಒಂದು ಉಂಡೆ ಕೊಟ್ಟು ಕೂರಿಸುತ್ತಿದ್ದರು. ನಾನು ಹೊಸೆದ ಹಾವು ಸಂಜೆಗೆ ಒಣಗಿ ಮೂರು ತುಂಡು!

ಹಾವು ಅಂದಮೇಲೆ ನಿಮ್ಮ ಮಗನ ಮಾತು. ಆಟ ನಮ್ಮದೇ. ಪರಮಪದ ಸೋಪಾನ ಪಟ ಕೇಳಿದ್ದೀರಲ್ಲ, ಅದರ ವಂಶ. ಕಾಮ, ಕೋಪದ ಮನೆಯಲ್ಲಿ ಹಾವು, ದಾನ, ಭಕ್ತಿಯ ಮನೆಯಲ್ಲಿ ಏಣಿ. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋಯಿತು. ನಮ್ಮ ಹಳೆಯ ಪಟಗಳಲ್ಲಿ ಏಣಿಗಿಂತ ಹಾವು ಜಾಸ್ತಿ. ಅಲ್ಲಿ ಎರಡನ್ನೂ ಸರಿಸಮ ಮಾಡಿದರು. ನನಗೆ ಹಳೇ ಲೆಕ್ಕವೇ ನಂಬಿಕೆಗೆ ಹತ್ತಿರ ಅನ್ನಿಸುತ್ತದೆ. ದಿನಾ ಬೆಳಿಗ್ಗೆ 8ರ ಲೋಕಲ್ ಹಿಡಿಯುವವನು ನಾನು!

ಇನ್ನು ಆ ಬಿಳಿ ಮಚ್ಚೆ. ಕೆಂಪು ಹಿಟ್ಟು ಬೇಡ, ಗೋಡೆಗೆ ಬಣ್ಣ ಹತ್ತೀತು. ಬಿಳಿಯದು ತರಿಸಿ, ಮೊದಲು ಕಾಣದ ಮೂಲೆಯಲ್ಲಿ ಒತ್ತಿ ನೋಡಿ. ಸರಿಹೋದರೆ ಮಿಕ್ಕ ಗೋಡೆಯನ್ನು ಮೊಮ್ಮಗನಿಗೇ ವಹಿಸಿ.

– ಸಂ.