ಫೋನಿನಲ್ಲಿರುವ ಸಾವಿರಾರು ಫೋಟೋಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಅಳಿಸಬೇಕು?

ಫೋನಿನಲ್ಲಿ ಹದಿನೆಂಟು ಸಾವಿರ ಫೋಟೋಗಳಿವೆ, ಗೂಗಲ್ ಖಾತೆಯ 15 ಜಿಬಿ ತುಂಬಿಹೋಗಿದೆ, ಅಳಿಸಲು ಕುಳಿತರೆ ಒಂದನ್ನೂ ಬಿಡಲು ಮನಸ್ಸು ಬರುವುದಿಲ್ಲ ಎಂದು ಬರೆದಿದ್ದೀರಿ. ನಾನೂ ಅದೇ ಸ್ಥಿತಿಯಲ್ಲಿದ್ದವನು. ಗೂಗಲ್ ಫೋಟೋಸ್‌ನಲ್ಲಿ ತುಸು ಕುಗ್ಗಿಸಿದ ಫೋಟೋಗಳಿಗೆ 2021ರ ಜೂನ್ 1ರವರೆಗೆ ಮಿತಿಯೇ ಇರಲಿಲ್ಲವಾದ್ದರಿಂದ, 36 ಫೋಟೋಗಳ ರೀಲು ಮುಗಿದೀತೆಂದು ಯೋಚಿಸಿ ಕ್ಲಿಕ್ಕಿಸುತ್ತಿದ್ದ ನಮ್ಮಂಥವರಿಗೂ ಆರಿಸುವ ಅಭ್ಯಾಸ ತಪ್ಪಿಹೋಯಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಇರುವುದು ಆ 15 ಜಿಬಿ ಮಾತ್ರ. ನಾಲ್ಕು ವರ್ಷಗಳಿಂದ ಬಿಡುವಾದಾಗಲೆಲ್ಲ ಕುಳಿತು ನಮ್ಮ ಮನೆಯ ಸುಮಾರು ಮೂವತ್ತು ಸಾವಿರ ಫೋಟೋಗಳನ್ನು ಆರು ಸಾವಿರಕ್ಕೆ ಇಳಿಸಿದ್ದೇನೆ. ಆ ಕೆಲಸದಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲ ವರ್ಷ ನಾನು ಹಿಡಿದ ಅಳತೆಗೋಲೇ ತಪ್ಪಾಗಿತ್ತು. ಫೋಟೋ ಸ್ಪಷ್ಟವಾಗಿದೆಯೇ, ಚೆನ್ನಾಗಿ ಬಂದಿದೆಯೇ ಎಂದಷ್ಟೇ ನೋಡಿ, ಅಲುಗಿದ್ದು, ಕತ್ತಲಾಗಿದ್ದು, ಯಾರದೋ ಕಣ್ಣು ಮುಚ್ಚಿದ್ದು ಎಲ್ಲವನ್ನೂ ಒಂದೇ ವಾರದಲ್ಲಿ ತೆಗೆದುಹಾಕಿದೆ. ಸಾಗರದ ಹತ್ತಿರದ ನಮ್ಮ ಹಳೆಯ ಮನೆಯ ಅಂಗಳದಲ್ಲಿ ಅಜ್ಜಿ ಮೆಟ್ಟುಗತ್ತಿಯ ಮೇಲೆ ಕಾಲಿಟ್ಟು ಅಡಿಕೆ ಸುಲಿಯುತ್ತಿದ್ದ ಫೋಟೋ ಆ ರಾಶಿಯಲ್ಲೇ ಹೋಯಿತು. ಸಂಜೆಯ ಮಬ್ಬಿನಲ್ಲಿ ತೆಗೆದದ್ದರಿಂದ ಅವರ ಕೈ ಅಲುಗಿದಂತೆ ಬಂದಿತ್ತು, ಮುಖ ಅರ್ಧ ನೆರಳಿನಲ್ಲಿತ್ತು. ಅವರು ಆ ಕೆಲಸ ಮಾಡುತ್ತಿರುವ ಬೇರೊಂದು ಚಿತ್ರ ನಮ್ಮ ಬಂಧುಬಳಗದಲ್ಲಿ ಯಾರ ಬಳಿಯೂ ಇಲ್ಲವೆಂದು ತಿಳಿದದ್ದು ಅವರು ತೀರಿಕೊಂಡ ಮೇಲೆ. ಅದೇ ಅಜ್ಜಿ ರೇಷ್ಮೆ ಸೀರೆ ಉಟ್ಟು ಮದುವೆ ಮಂಟಪದಲ್ಲಿ ನೆಟ್ಟಗೆ ಕುಳಿತ ಸ್ಪಷ್ಟವಾದ ಫೋಟೋಗಳು ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ, ಆದರೆ ಆ ಇಪ್ಪತ್ತರಲ್ಲಿಯೂ ನಾನು ಕಂಡ ಅಜ್ಜಿ ಇಲ್ಲ.

ಅಂದಿನಿಂದ ಪ್ರತಿಯೊಂದು ಫೋಟೋದ ಮುಂದೆಯೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಹೋದರೆ, ಮತ್ತೆಲ್ಲಿಯೂ ಸಿಗದ ಏನಾದರೂ ಇದರ ಜೊತೆಗೆ ಹೋಗುತ್ತದೆಯೇ? ಆಗುಂಬೆಯ ಸೂರ್ಯಾಸ್ತವನ್ನು ನಾನು ಎಪ್ಪತ್ತು ಬಾರಿ ಕ್ಲಿಕ್ಕಿಸಿದ್ದೆ, ಮಳೆಗಾಲದ ಜೋಗದ ಫೋಟೋಗಳಂತೂ ಇನ್ನೂರರಷ್ಟಿದ್ದವು. ಅವುಗಳಿಗಿಂತ ಚೆಲುವಾದ ಚಿತ್ರಗಳು ಯಾವಾಗ ಬೇಕಾದರೂ ಸಿಗುತ್ತವೆಯಾದ್ದರಿಂದ ನಮ್ಮವರು ಇಲ್ಲದ ಫೋಟೋಗಳನ್ನೆಲ್ಲ ಅಳಿಸಿದೆ, ಇಂದಿಗೂ ಅದಕ್ಕಾಗಿ ಬೇಸರವಾಗಿಲ್ಲ. ಅಡುಗೆಮನೆಯ ನಾಗಂದಿಗೆ, ಬಚ್ಚಲ ಒಲೆ, ಅಪ್ಪನ ಹಳೆಯ ಸ್ಕೂಟರ್, ಪ್ರತಿದಿನ ನೋಡುತ್ತೇವೆಂದು ಯಾರೂ ಬೇಕೆಂದೇ ಫೋಟೋ ತೆಗೆಯದ ಇಂಥವು ಮಾತ್ರ ಎಷ್ಟೇ ಕೆಟ್ಟದಾಗಿ ಬಂದಿದ್ದರೂ ಉಳಿಯಬೇಕು.

ಫೋಟೋದ ಹಿನ್ನೆಲೆಯನ್ನು ಗಮನವಿಟ್ಟು ನೋಡಿ ಎಂದು ಒತ್ತಿ ಹೇಳುತ್ತೇನೆ. ಹಂಚಿನ ಮನೆಯನ್ನು ಕೆಡವಿ ಹೊಸದು ಕಟ್ಟುವಾಗ, ಜಗಲಿಯ ಕಂಬದ ಕೆತ್ತನೆಯನ್ನೇ ಹೋಲುವ ಒಂದು ಕಂಬವನ್ನಾದರೂ ಮಾಡಿಸೋಣವೆಂದು ಆಚಾರಿಯವರನ್ನು ಕರೆಸಿದೆವು. ಆ ಹೊತ್ತಿಗೆ ಹಳೆಯ ಕಂಬಗಳು ಯಾರ ಪಾಲಿಗೋ ಹೋಗಿಯಾಗಿತ್ತು. ಹುಡುಕಿದಾಗ ಸಿಕ್ಕಿದ್ದು ತಂಗಿಯ ಮಗಳ ಹುಟ್ಟುಹಬ್ಬದ ಒಂದು ಫೋಟೋ. ಮಗು ಓಡುತ್ತಿದ್ದುದರಿಂದ ಅದರ ಮುಖ ಕಲಸಿಹೋಗಿತ್ತು, ಆದರೆ ಹಿಂದಿದ್ದ ಕಂಬದ ತಾವರೆ ಎಸಳುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಆಚಾರಿಯವರು ಅದನ್ನು ದೊಡ್ಡದು ಮಾಡಿ ನೋಡಿಕೊಂಡೇ ಕೆತ್ತಿದರು.

ಇನ್ನು, ಮದುವೆಯ ಧಾರೆಯ ಹೊತ್ತಿನಲ್ಲಿ ಒಂದೇ ಸಮನೆ ತೆಗೆದ ನಲವತ್ತು ಫೋಟೋಗಳಂಥವನ್ನು ಏನು ಮಾಡುವುದು? ಯಾವುದನ್ನು ಬಿಸಾಡಲಿ ಎಂದು ನೋಡುತ್ತ ಹೋದರೆ ಪ್ರತಿಯೊಂದೂ ಅಯ್ಯೋ ಎನಿಸುತ್ತದೆ. ಆದ್ದರಿಂದ ಒಂದು ಸಮಾರಂಭಕ್ಕೆ ಒಂದು ಆಲ್ಬಮ್ ಮಾಡಿ, ಬೇಕಾದುದನ್ನು ಮಾತ್ರ ಅದಕ್ಕೆ ಹಾಕಿ, ಮಿಕ್ಕಿದ್ದನ್ನು ಒಂದು ತಿಂಗಳ ನಂತರ ಒಟ್ಟಿಗೆ ಅಳಿಸುವುದು ನನಗೆ ಒಗ್ಗಿದ ಕ್ರಮ. ಧಾರೆಯ ಫೋಟೋಗಳಲ್ಲಿ ನಾನು ಉಳಿಸಿಕೊಂಡದ್ದು ಮೂರು, ಅವುಗಳಲ್ಲಿ ಒಂದರಲ್ಲಿ ವಧೂವರರಿಬ್ಬರೂ ಅರ್ಧ ಮರೆಯಾಗಿದ್ದಾರೆ. ಕಣ್ಣೊರೆಸಿಕೊಳ್ಳುತ್ತಿರುವ ನಮ್ಮ ಚಿಕ್ಕಪ್ಪ ಕಾಣುವುದು ಅದೊಂದರಲ್ಲೇ.

ವಾಟ್ಸಾಪ್‌ನಿಂದ ಬಂದ ಪ್ರತಿಗಳ ವಿಷಯದಲ್ಲಿ ಎಚ್ಚರಿಕೆ ಬೇಕು. ಸಾಮಾನ್ಯವಾಗಿ ಫೋಟೋವಾಗಿಯೇ ಕಳುಹಿಸಿದಾಗ ಅದು ಚಿತ್ರವನ್ನು ಕುಗ್ಗಿಸುವುದಲ್ಲದೆ, ಕ್ಯಾಮೆರಾ ಬರೆದಿಟ್ಟ ದಿನ, ಸಮಯ, ಸ್ಥಳಗಳ ವಿವರವನ್ನೂ ತೆಗೆದುಹಾಕುತ್ತದೆ. ಒಂದೇ ಫೋಟೋದ ಎರಡು ಪ್ರತಿಗಳನ್ನು ದೊಡ್ಡದು ಮಾಡಿ ನೋಡಿ: ಮೂಲ ಪ್ರತಿಯಲ್ಲಿ ಸೀರೆಯ ಜರಿಯಂಚಿನ ಗೋಪುರಗಳು ಬಿಡಿಬಿಡಿಯಾಗಿ ಕಾಣುತ್ತವೆ, ವಾಟ್ಸಾಪ್ ಪ್ರತಿಯಲ್ಲಿ ಅದೇ ಅಂಚು ಕಲಸಿ ಹಳದಿ ಪಟ್ಟಿಯಾಗಿರುತ್ತದೆ. ಕಡತದ ಹೆಸರಿನಲ್ಲಿ ‘WA’ ಎಂಬ ಇಂಗ್ಲಿಷ್ ಅಕ್ಷರಗಳಿರುವ ಪ್ರತಿಯನ್ನು ಅಳಿಸಿ, ಮೂಲವನ್ನು ಇಟ್ಟುಕೊಳ್ಳಿ. ಮೂಲವು ಬೇರೆಯವರ ಬಳಿಯಿದ್ದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಲು ಕೇಳಿಕೊಳ್ಳಿ. ಶುಭೋದಯದ ಚಿತ್ರಗಳು, ಬಿಲ್ಲುಗಳು, ಸ್ಕ್ರೀನ್‌ಶಾಟ್‌ಗಳ ಬಗ್ಗೆ ಹೇಳುವುದೇನೂ ಇಲ್ಲ, ಅವುಗಳಿಂದಲೇ ಶುರುಮಾಡಿ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ತೆಗೆದ ಹನ್ನೊಂದು ಫೋಟೋಗಳು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದವು. ಮತ್ತೆ ಸಿಗದವು ಎನ್ನುವ ನನ್ನ ಪ್ರಶ್ನೆಗೆ ಅವೆಲ್ಲವೂ ಸಲ್ಲುತ್ತಿದ್ದವು, ಆದರೂ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ ತನ್ನನ್ನು ಮೊಮ್ಮಕ್ಕಳು ನೋಡುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷ ಮುಟ್ಟದೆ ಬಿಟ್ಟು, ನಂತರ ಅಮ್ಮನನ್ನು ಕೇಳಿ, ಅವರ ಕೈಯನ್ನು ಅಪ್ಪ ಹಿಡಿದುಕೊಂಡಿದ್ದ ಒಂದನ್ನು ಮಾತ್ರ ಉಳಿಸಿದೆ. ಮನೆಯಲ್ಲಿ ಸಾವಾದ ವರ್ಷ ಆ ವ್ಯಕ್ತಿಯ ಯಾವ ಫೋಟೋವನ್ನೂ ಅಳಿಸಬೇಡಿ ಎಂಬುದು ನನ್ನ ಕಳಕಳಿಯ ಮಾತು.

ಅಳಿಸುವ ಮೊದಲು ಇನ್ನೊಂದು ಸಂಗತಿ ತಿಳಿದಿರಲಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಫೋಟೋವನ್ನು ಆ್ಯಪ್‌ನಲ್ಲಿ ಡಿಲೀಟ್ ಮಾಡಿದರೆ ಅದು ಫೋನಿನಿಂದಲೂ ಖಾತೆಯಿಂದಲೂ ಹೋಗುತ್ತದೆ, ಟ್ರ್ಯಾಶ್‌ನಲ್ಲಿ 60 ದಿನ ಇರುತ್ತದೆ. ಫೋನಿನಲ್ಲಿ ಮಾತ್ರ ಜಾಗ ಮಾಡಿಕೊಳ್ಳಲು ‘ಫ್ರೀ ಅಪ್ ಸ್ಪೇಸ್’ ಎಂಬ ಬೇರೆಯದೇ ಆಯ್ಕೆಯಿದೆ. ಆರಿಸಿ ಉಳಿಸಿದ್ದನ್ನು ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹಾಕಿ, ಒಂದನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿಡಿ. ನಮ್ಮದೊಂದು ತಂಗಿಯ ಮನೆಯಲ್ಲಿದೆ.

ಉಳಿದವುಗಳಿಗೆ ಹೆಸರು ಬರೆಯುವ ಕೆಲಸವನ್ನು ದಯವಿಟ್ಟು ಮುಂದೂಡಬೇಡಿ. ಗೂಗಲ್ ಫೋಟೋಸ್‌ನಲ್ಲಿ ಬರೆದ ವಿವರಣೆ, ಖಾತೆಯಲ್ಲಿರುವುದನ್ನು ಇಳಿಸಿಕೊಳ್ಳಲು ಗೂಗಲ್ ಕೊಟ್ಟಿರುವ ‘ಟೇಕ್‌ಔಟ್’ ಮೂಲಕ ಪಡೆದಾಗ ಬೇರೆಯೇ ಕಡತವಾಗಿ ಬರುವುದರಿಂದ, ನಾನು ಫೋಲ್ಡರಿನ ಹೆಸರಿನಲ್ಲೇ ವರ್ಷ, ತಿಂಗಳು, ಸಂದರ್ಭವನ್ನು ಬರೆದು, ಒಳಗೊಂದು ಸಾದಾ ಪಠ್ಯ ಕಡತದಲ್ಲಿ ಎಡದಿಂದ ಬಲಕ್ಕೆ ಯಾರು ಯಾರೆಂದು ಬರೆದಿಡುತ್ತೇನೆ. ಭಾನುವಾರ ಮಧ್ಯಾಹ್ನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡುವುದು, ಏಕೆಂದರೆ ಅಜ್ಜಿಯ ತವರಿನ ಕಡೆಯವರನ್ನು ಗುರುತು ಹಿಡಿಯಬಲ್ಲವರು ನಮ್ಮ ಮನೆಯಲ್ಲಿ ಈಗ ಅವರೊಬ್ಬರೇ.