ಬರೆದವರನ್ನು ಯಾಕೆ ಬಿಟ್ಟಿರಿ?

ಪ್ರಿಯ ಓದುಗರೆ,

ಕಲಬುರಗಿಯಿಂದ ನೀವು ಬರೆದ ನಾಲ್ಕು ಪುಟಗಳಲ್ಲಿ ಒಂದು ಆಕ್ಷೇಪ, ಎರಡು ಪ್ರಶ್ನೆಗಳಿವೆ. ಬ್ರಿಟನ್ನಿನ ನಿರ್ದೇಶಕ ಕೆನ್ ಲೋಚ್ ಬಗ್ಗೆ ಅಷ್ಟುದ್ದ ಲೇಖನ ಹಾಕಿದ ನಾವು, ಅವರ ಚಿತ್ರಗಳನ್ನು ಬರೆದವರನ್ನು ಒಂದೇ ಸಾಲಿನಲ್ಲಿ ಮುಗಿಸಿದೆವು ಎಂಬುದು ಆಕ್ಷೇಪ. ತಪ್ಪು ನಮ್ಮದೇ. ಚಿತ್ರಕಥೆ ಬರೆಯಲು ಕೋರ್ಸ್ ಮಾಡಲೇಬೇಕೆ, ನಮ್ಮ ಭಾಗದ ಮಾತಿನಲ್ಲಿ ಬರೆದರೆ ಬೇರೆಯವರಿಗೆ ತಿಳಿದೀತೆ ಎಂಬುವು ಪ್ರಶ್ನೆಗಳು.

ಲೋಚ್‌ಗೆ ಚಿತ್ರಕಥೆ ಬರೆದುಕೊಟ್ಟ ಪಾಲ್ ಲಾವರ್ಟಿ ಹುಟ್ಟಿದ್ದು 1957ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ತಾಯಿ ಐರ್ಲೆಂಡಿನವರು, ತಂದೆ ಸ್ಕಾಟ್ಲೆಂಡಿನವರು. ಪಾದ್ರಿಯಾಗಲು ಹೊರಟು ರೋಮ್‌ನಲ್ಲಿ ತತ್ತ್ವಶಾಸ್ತ್ರ ಓದಿದರು, ಪಾದ್ರಿಯಾಗಲಿಲ್ಲ. ಗ್ಲಾಸ್ಗೋದಲ್ಲಿ ಕಾನೂನು ಓದಿ ವಕೀಲರಾದರು, ಅಲ್ಲೂ ನಿಲ್ಲಲಿಲ್ಲ. 1980ರ ದಶಕದ ನಡುವೆ ಮಧ್ಯ ಅಮೆರಿಕದ ನಿಕರಾಗುವಾ ದೇಶಕ್ಕೆ ಹೋದರು. ಅಮೆರಿಕದ ಬೆಂಬಲದ ಕಾಂಟ್ರಾ ಪಡೆಗಳು ಅಲ್ಲಿನ ಸರ್ಕಾರದ ವಿರುದ್ಧ ಯುದ್ಧ ನಡೆಸುತ್ತಿದ್ದ ಕಾಲವದು. ಮಾನವ ಹಕ್ಕುಗಳ ಸಂಸ್ಥೆಯೊಂದರಲ್ಲಿ ದೌರ್ಜನ್ಯಗಳಿಗೆ ಸಾಕ್ಷ್ಯ ಕಲೆಹಾಕುವುದು ಅವರ ಕೆಲಸ.

ನನ್ನನ್ನು ಕೇಳಿದರೆ ಅವರ ಗುರುಕುಲ ಅದೇ. ಸಾಕ್ಷ್ಯ ಬರೆಯುವವನಿಗೆ ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಬೇಕು. ‘ಹೃದಯವಿದ್ರಾವಕ’ ಎಂಬ ಪದ ಅಲ್ಲಿ ಮೂರು ಕಾಸಿಗೂ ಬೇಡ. ಸಿನಿಮಾದ ಗಂಧಗಾಳಿ ಇಲ್ಲದಿದ್ದರೂ ಕಂಡದ್ದನ್ನು ಕಥೆ ಮಾಡುವ ಹಟದಿಂದ ಲಾವರ್ಟಿ ಲೋಚ್‌ಗೆ ಪತ್ರ ಬರೆದರು. ಅದರ ಫಲವೇ 1996ರ ಚಿತ್ರ ‘ಕಾರ್ಲಾಸ್ ಸಾಂಗ್’. ಹತ್ತು ವರ್ಷದ ನಂತರ ಇದೇ ಜೋಡಿಗೆ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಬಂತು. 2016ರಲ್ಲಿ ‘ಐ, ಡೇನಿಯಲ್ ಬ್ಲೇಕ್’ಗೆ ಮತ್ತೊಮ್ಮೆ.

ಆ ಚಿತ್ರದ ಆರಂಭ ನೋಡಿ. ತೆರೆ ಕಪ್ಪಗಿದೆ, ಧ್ವನಿಗಳು ಮಾತ್ರ. ಹೃದಯಾಘಾತವಾದ ಬಡಗಿಗೆ ಸರ್ಕಾರದ ನೆರವು ಸಲ್ಲುತ್ತದೆಯೇ ಎಂದು ಪರೀಕ್ಷಿಸುವ ಒಬ್ಬಾಕೆ ಕೇಳುತ್ತಾಳೆ: ಐವತ್ತು ಮೀಟರ್ ನಡೆಯುತ್ತೀರಾ? ತಲೆಗೆ ಟೋಪಿ ಇಡುವಷ್ಟು ಕೈ ಎತ್ತುತ್ತೀರಾ? ನನ್ನ ಹೃದಯದ ಬಗ್ಗೆ ಕೇಳಮ್ಮ ಎಂದು ಆತ ಗೋಗರೆಯುತ್ತಾನೆ. ಅವಳ ನಮೂನೆಯಲ್ಲಿ ಹೃದಯಕ್ಕೆ ಕಾಲಂ ಇಲ್ಲ. ನಗು ಬರುತ್ತದೆ, ಮರುಕ್ಷಣವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ ತಂದೆ ಬದುಕಿದ್ದಾರೆಂದು ಪಿಂಚಣಿಗಾಗಿ ರುಜುವಾತು ಮಾಡಲು ಅವರನ್ನೇ ಕರೆದುಕೊಂಡು ಕಚೇರಿಯೊಂದಕ್ಕೆ ಹೋಗಿದ್ದೆ. ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ‘ನಾಳೆ ಬನ್ನಿ’ ಎಂದು ಗುಮಾಸ್ತರು ನನಗೆ ಹೇಳಿದರು. ಎದುರಿಗೆ ಕುಳಿತಿದ್ದ ಅಪ್ಪನಿಗಲ್ಲ.

ಅದೇ ಚಿತ್ರದಲ್ಲಿ ಬಡವರಿಗೆ ಉಚಿತವಾಗಿ ದಿನಸಿ ಹಂಚುವ ಕೇಂದ್ರದಲ್ಲಿ, ಎರಡು ಮಕ್ಕಳ ತಾಯಿ ಕಪಾಟಿನ ಮರೆಯಲ್ಲಿ ಡಬ್ಬಿಯೊಂದನ್ನು ತೆರೆದು ಕೈಯಿಂದಲೇ ಬಾಯಿಗೆ ಸುರಿದುಕೊಳ್ಳುತ್ತಾಳೆ. ಆಮೇಲೆ ನಾಚಿಕೆಯಿಂದ ಅಳುತ್ತಾಳೆ. ಇಂಥದ್ದು ಮೇಜಿನ ಮುಂದೆ ಕುಳಿತವನಿಗೆ ಹೊಳೆಯುವುದಿಲ್ಲ. ಬರೆಯುವ ಮೊದಲು ಲಾವರ್ಟಿ ಮತ್ತು ಲೋಚ್ ಊರೂರು ತಿರುಗಿ ಇಂಥ ಕೇಂದ್ರಗಳಲ್ಲಿ ಜನರ ಮಾತು ಕೇಳಿಸಿಕೊಂಡಿದ್ದರು.

ಇನ್ನು ಕೋರ್ಸಿನ ಮಾತು. ಲಾವರ್ಟಿಯೂ ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯಕ್ಕೆ ಹೋದವರೇ. ಆದರೆ ಆ ಊರಿನಿಂದ ಅವರಿಗೆ ದಕ್ಕಿದ ಕಥೆ ದೊಡ್ಡ ಕಟ್ಟಡಗಳನ್ನು ಗುಡಿಸಿ ಒರೆಸುವ ವಲಸಿಗರ ಹೋರಾಟದ್ದು: 2000ದ ‘ಬ್ರೆಡ್ ಅಂಡ್ ರೋಸಸ್’. ಹಣವಿದ್ದರೆ ಸೇರಿ. ಸಾಲ ಮಾಡಿ ಮಾತ್ರ ಬೇಡ.

ಭಾಷೆಯ ಅಳುಕನ್ನಂತೂ ಬಿಟ್ಟುಬಿಡಿ. ‘ಸ್ವೀಟ್ ಸಿಕ್ಸ್‌ಟೀನ್’ನಲ್ಲಿ ಲಾವರ್ಟಿ ಸ್ಕಾಟ್ಲೆಂಡಿನ ಬಂದರು ಪಟ್ಟಣದ ಹುಡುಗರ ಮಾತನ್ನು ಬೈಗುಳದ ಸಮೇತ ಹಾಗೇ ಇಟ್ಟರು. ಇಂಗ್ಲಿಷ್ ಚಿತ್ರಕ್ಕೆ ಅಮೆರಿಕದಲ್ಲಿ ಇಂಗ್ಲಿಷ್‌ನದೇ ಅಡಿಬರಹ ಹಾಕಬೇಕಾಯಿತು. 2002ರಲ್ಲಿ ಕಾನ್‌ನ ಶ್ರೇಷ್ಠ ಚಿತ್ರಕಥೆ ಪ್ರಶಸ್ತಿ ಬಂದದ್ದು ಅದಕ್ಕೇ.

ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ರೇಷನ್ ಅಂಗಡಿಯ ಮುಂದೆ ಚಪ್ಪಲಿ ಬಿಟ್ಟು ಸರದಿ ಹಿಡಿದು ತಾವು ನೆರಳಿಗೆ ಹೋಗುವ ನಿಮ್ಮ ದೊಡ್ಡವ್ವ ಬರುತ್ತಾರಲ್ಲ, ಅಲ್ಲಿಂದ ಮುಂದೆ ಏನಾಯಿತೆಂದು ನೀವು ಬರೆದೇ ಇಲ್ಲ. ಬರೆದು ಕಳುಹಿಸಿ. ಕೈಬರಹವೇ ಸಾಕು.

— ಸಂಪಾದಕ