ಕ್ವಿಟೋದ ಎಚ್‌ಸಿಜೆಬಿ ಮತ್ತು ಕ್ವಾಡ್ ಆಂಟೆನಾ

ತಂತಿಯನ್ನು ಚೌಕವಾಗಿ ಸುತ್ತಿ ಮಾಡುವ ಕ್ವಾಡ್ ಆಂಟೆನಾ ಹುಟ್ಟಿದ್ದು ಕ್ರೈಸ್ತ ಬಾನುಲಿ ಕೇಂದ್ರವೊಂದರಲ್ಲಿ ಎಂಬುದು ನಿಜವೇ, ಹವ್ಯಾಸಿ ರೇಡಿಯೊದ ಹತ್ತು ಮೀಟರ್ ಬ್ಯಾಂಡಿಗೆ (ಸುಮಾರು 28 ಮೆಗಾಹರ್ಟ್ಸ್) ಅದನ್ನು ನಾವೇ ಕಟ್ಟಬಹುದೇ ಎಂದು ಕೇಳಿದ್ದೀರಿ. ಎರಡಕ್ಕೂ ಹೌದು.

ಈಕ್ವೆಡಾರ್‌ನ ಕ್ವಿಟೋದಲ್ಲಿ ಎಚ್‌ಸಿಜೆಬಿ ಎಂಬ ಆ ಕೇಂದ್ರ 1931ರ ಕ್ರಿಸ್‌ಮಸ್ ದಿನ ಸಣ್ಣ ಟ್ರಾನ್ಸ್‌ಮಿಟರ್‌ನಿಂದ ಪ್ರಸಾರ ಶುರುಮಾಡಿತು. ಕ್ಲಾರೆನ್ಸ್ ಜೋನ್ಸ್, ರೂಬೆನ್ ಲಾರ್ಸನ್ ಸ್ಥಾಪಕರು. 1940ರಲ್ಲಿ 10 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ಬಂತು, ತೊಂದರೆಯೂ ಅದರ ಹಿಂದೆಯೇ ಬಂತು. ಅಲ್ಲಿದ್ದ ಬೀಮ್ ಆಂಟೆನಾದ (ಒಂದೇ ದಿಕ್ಕಿಗೆ ಅಲೆ ಕಳಿಸುವಂಥದ್ದು) ಕಡ್ಡಿಗಳ ತುದಿಯಲ್ಲೇ ವೋಲ್ಟೇಜ್ ಅತಿ ಹೆಚ್ಚು. ಕ್ವಿಟೋ ಇರುವುದು ಸುಮಾರು 2,800 ಮೀಟರ್ ಎತ್ತರದಲ್ಲಿ. ಅಲ್ಲಿನ ತೆಳು ಗಾಳಿ ಬೇಗ ಅಯಾನೀಕರಣಗೊಂಡು (ವಿದ್ಯುತ್ ಹರಿಯುವಂತಾಗಿ) ಕೊರೋನಾ ಎಂಬ ವಿದ್ಯುತ್ ಕಿಡಿಯೇಳುತ್ತಿತ್ತು, ತುದಿಗಳು ಕರಗುತ್ತಿದ್ದವು. ಎಂಜಿನಿಯರ್ ಕ್ಲಾರೆನ್ಸ್ ಮೂರ್ 1942ರ ಹೊತ್ತಿಗೆ ತುದಿಯೇ ಇಲ್ಲದ ಚೌಕ ಸುತ್ತನ್ನು ರೂಪಿಸಿದರು. ಇಷ್ಟು ಸರಳ ಪರಿಹಾರ ಇಷ್ಟು ಕಾಲ ಉಳಿದದ್ದು ನಿಜಕ್ಕೂ ದೊಡ್ಡದು.

ನಿಮ್ಮ ಲೆಕ್ಕಕ್ಕೆ ಬರೋಣ. ಸುತ್ತಿನ ತಂತಿಯ ಉದ್ದ ಮೀಟರಿನಲ್ಲಿ ಬೇಕಾದರೆ 306ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 28.4 ಮೆಗಾಹರ್ಟ್ಸ್‌ಗೆ 10.78 ಮೀಟರ್, ಅಂದರೆ ಬದಿಗೆ 2.70 ಮೀಟರ್. ಅಲೆಯನ್ನು ಮುಂದಕ್ಕೆ ಪ್ರತಿಫಲಿಸುವ ಹಿಂದಿನ ರಿಫ್ಲೆಕ್ಟರ್ ಸುತ್ತು 11.05 ಮೀಟರ್ ಇರಲಿ, ನಡುವಿನ ಅಂತರ ಸುಮಾರು 1.5 ಮೀಟರ್. ಇದು ಬರಿ ತಾಮ್ರದ ತಂತಿಯ ಅಳತೆ. ಪ್ಲಾಸ್ಟಿಕ್ ಹೊದಿಕೆಯ ತಂತಿ ಬಳಸಿದರೆ ಅನುರಣನದ (ಆಂಟೆನಾ ಚೆನ್ನಾಗಿ ಕೆಲಸಮಾಡುವ) ಆವರ್ತನ ಕೆಳಗಿಳಿಯುತ್ತದೆ, ಉದ್ದ ಶೇ. 2–3 ಕಡಿಮೆ ಮಾಡಬೇಕಾದೀತು. ಮೊದಲು ಉದ್ದವಾಗಿಯೇ ಬಿಟ್ಟು, ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಹೊಂದಿಕೊಂಡಿದೆ ಎಂದು ತೋರುವ ಅನುಪಾತ, 1ಕ್ಕೆ ಹತ್ತಿರವಿದ್ದಷ್ಟು ಒಳ್ಳೆಯದು) ನೋಡುತ್ತಾ ಕತ್ತರಿಸಿ. ಕೆಳಬದಿಯ ನಡುವೆ ಫೀಡ್ ಕೊಟ್ಟರೆ, ಅಂದರೆ ರೇಡಿಯೊದಿಂದ ಬರುವ ಕೇಬಲ್ ಜೋಡಿಸಿದರೆ, ಸಮತಲ ಧ್ರುವೀಕರಣ (ಅಲೆಯ ವಿದ್ಯುತ್ ಕ್ಷೇತ್ರ ನೆಲಕ್ಕೆ ಸಮಾನಾಂತರ) ಸಿಗುತ್ತದೆ. ಒಣ ಬಿದಿರು ಚೌಕಟ್ಟಿಗೆ ಸಾಕು, ಆದರೆ ವಾರ್ನಿಷ್ ಬಳಿಯದಿದ್ದರೆ ಮಳೆಗಾಲದಲ್ಲಿ ನೀರು ಹೀರಿ ಟ್ಯೂನಿಂಗ್ ಜಾರುತ್ತದೆ.